ಏರದೆ ಕೂತ ಬಾಣಲೆ

“ಎರಡು ವರ್ಷ! ಊರಲ್ಲಿ ಎಲ್ಲದರ ಬೆಲೆ ಏರಿದೆ, ನಿಮ್ಮ ಪಟ್ಟೀಲಿ ಬಾಣಲೆ ಮಾತ್ರ ಆರುನೂರ ನಲವತ್ತಕ್ಕೇ ಕೂತಿದೆಯಲ್ಲಮ್ಮ,” ಎಂದರು ಮೇಲ್ವಿಚಾರಕರು, ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು. “ಮನೇಲಿ ಕೂತು ಹಳೇ ಅಂಕಿನೇ ನಕಲು ಮಾಡ್ತಿದೀರಾ?”

ಬೆಲೆ ಬರೆಯುವ ಹುಡುಗಿ ಕೈಲಿದ್ದ ಪಟ್ಟಿಯನ್ನು ಎದೆಗೊತ್ತಿಕೊಂಡಳು. ದೇಶದ ಬೆಲೆಯೇರಿಕೆ ಲೆಕ್ಕ ಹಾಕುವ ಕಚೇರಿಗಾಗಿ ಅವಳು ತಿಂಗಳಿಗೊಮ್ಮೆ ಅದೇ ಮೂವತ್ತು ಅಂಗಡಿ ಸುತ್ತಿ, ಅದೇ ಅಳತೆಯ ಅದೇ ಸಾಮಾನಿನ ಬೆಲೆ ಕೇಳಿ ಬರೆಯಬೇಕು. ಜ್ವರ ಬಂದಾಗಲೂ ಒಂದು ಅಂಕಿಯನ್ನು ಊಹಿಸಿ ಬರೆದವಳಲ್ಲ. ಆದರೆ ಗುತ್ತಿಗೆ ಕೆಲಸ. ಇವರು ಒಂದು ಷರಾ ಗೀಚಿದರೆ ಸಾಕು, ನಾಳೆಯಿಂದ ಮನೆಯಲ್ಲೇ.

ಒಳಗೆ ಅಂಗಡಿಯ ಅಜ್ಜಿ ಚಮಚ ಒರೆಸುತ್ತಿದ್ದರು. ಎರಡು ವರ್ಷದ ಹಿಂದಿನವರೆಗೆ ಅಂಗಡಿ ಅವರ ತಮ್ಮನದಾಗಿತ್ತು. ತನ್ನ ಕೆಲಸವೇನೆಂದು ಅವಳು ಆ ತಮ್ಮನಿಗೆ ಹೇಳಿದ್ದಳು, ಅಜ್ಜಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದಳು.

“ಈ ಬಾಣಲೆ ಎಷ್ಟಮ್ಮ?” ಮೇಲ್ವಿಚಾರಕರು ಒಳಗೆ ಹೋಗಿ ಅಜ್ಜಿಯನ್ನು ಕೇಳಿದರು.

“ಆರುನೂರ ನಲವತ್ತು.”

“ಎಲ್ರಿಗೂ?”

“ಎಲ್ರಿಗೂ. ಮುಖ ನೋಡಿ ಬೆಲೆ ಹೇಳೋ ಅಂಗಡಿ ಅಲ್ಲ ಇದು.”

“ಮತ್ತೆ ಯಾಕೆ ಏರಿಸಿಲ್ಲ?”

ಅಜ್ಜಿ ದನಿ ತಗ್ಗಿಸಿದರು. ತಗ್ಗಿಸಿದ್ದೂ ಬೀದಿಗೆಲ್ಲ ಕೇಳುವಂತಿತ್ತು. “ಪಾಪ, ಈ ಹುಡುಗಿ ತಿಂಗಳು ತಿಂಗಳೂ ಬರ್ತಾಳೆ. ಬಾಣಲೆ ತಿರುಗಿಸಿ ನೋಡ್ತಾಳೆ, ಬೆಲೆ ಕೇಳ್ತಾಳೆ, ಬರ್ಕೊಂಡು ಹೋಗ್ತಾಳೆ. ಕಾಸು ಕೂಡಿಡ್ತಿರ್ಬೇಕು ಅನ್ಕೊಂಡೆ. ಇವಳು ತಗೊಳ್ಳೋವರೆಗೂ ಏರಿಸೋದು ಬೇಡ ಅಂತ ತಡೆದಿಟ್ಟಿದೀನಿ.”

ಅವಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ತನಗೆ ಗೊತ್ತೇ ಇಲ್ಲದೆ ಎರಡು ವರ್ಷ ಒಬ್ಬರು ತನ್ನ ಮೇಲೆ ಇಷ್ಟು ಅಕ್ಕರೆ ಇಟ್ಟಿದ್ದರಲ್ಲ! “ಅಜ್ಜಿ, ನಮ್ಮನೇಲಿ ಎರಡು ಬಾಣಲೆ ಇವೆ! ಬೆಲೆ ಬರ್ಕೊಳ್ಳೋದೇ ನನ್ನ ಕೆಲಸ,” ಎಂದು ಅವರ ಕೈ ಹಿಡಿದುಕೊಂಡಳು.

“ಅಯ್ಯೋ, ಮೊದಲೇ ಬಾಯಿ ಬಿಡೋಕೆ ಏನಾಗಿತ್ತೇ ನಿಂಗೆ?” ಎಂದು ಅಜ್ಜಿ ಅದೇ ಕೈಗೆ ಒಂದೇಟು ಕೊಟ್ಟರು.

ಮೇಲ್ವಿಚಾರಕರು ಹಾಳೆ ತೆಗೆದರು. ಬೆಲೆ ಏರದಿರಲು ಕಾರಣ: ಹಳೇ ದಾಸ್ತಾನು, ರಿಯಾಯಿತಿ, ಇತರೆ. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ‘ಇತರೆ’ಗೆ ಗುರುತು ಹಾಕಿ, ಅಂಕಿ ಸರಿಯಿದೆ ಎಂದು ಬರೆದು, ಸಹಿ ಮಾಡಿದರು.

“ಹಾಗಾದ್ರೆ ನಂಗೆ ಒಂದು ಕೊಡಿ,” ಎಂದರು ಅವರು, ಜೇಬಿಗೆ ಕೈ ಹಾಕುತ್ತಾ.

“ಎಂಟುನೂರು.”

“ಈಗ ತಾನೇ ಆರುನೂರ ನಲವತ್ತು ಅಂದ್ರಲ್ಲ!”

“ಇವಳಿಗೆ ಬೇಡ್ವಂತಲ್ಲ,” ಎಂದರು ಅಜ್ಜಿ. “ಇನ್ಮೇಲೆ ಎಲ್ರಿಗೂ ಎಂಟುನೂರೇ.”

ಅವಳು ನಗು ತಡೆಯಲಾರದೆ ಬೀದಿಯ ಕಡೆ ತಿರುಗಿದಳು. ಹಿಂದೆ ಮೇಲ್ವಿಚಾರಕರು ನೋಟು ಎಣಿಸುವ ಸದ್ದು ಕೇಳಿಸುತ್ತಿತ್ತು.