ಹತ್ತು ಏಟಿಗೊಂದು ಗೆರೆ

ರತ್ನವ್ವ ಹುನಗುಂದದ ತವರಿಗೆ ಹೋಗಿ ಸಂಜೆಯೊಳಗೆ ಇಳಕಲ್ಲಿಗೆ ವಾಪಸು ಬಂದಳು. ಬಂದು ನೋಡಿದರೆ, ಮಗ್ಗದ ಮೇಲೆ ಬಿಟ್ಟುಹೋದ ಸೀರೆ ಒಂದು ಗೇಣು ಬೆಳೆದಿದೆ! ತಾನಾಗಿ ಬೆಳೆಯಲಿಕ್ಕೆ ಅದೇನು ಹೀರೇಬಳ್ಳಿಯೇ?

ಮನೆಯಲ್ಲಿದ್ದವನು ಗಂಡ ಕಳಕಪ್ಪ ಒಬ್ಬನೇ. ಗ್ರಾನೈಟ್ ಫ್ಯಾಕ್ಟರಿಯ ಧೂಳಿಗೆ ಅವನ ಎದೆ ಕೆಟ್ಟು, ಡಾಕ್ಟರು ಮೂರು ತಿಂಗಳು ರಜೆ ಬರೆದಿದ್ದರು. ಅಲ್ಲಿಯವರೆಗೆ ವಿಮೆಯಿಂದ ರೊಕ್ಕ ಬರುತ್ತಿತ್ತು. ಔಷಧಿ, ಹಿಟ್ಟು ಎಲ್ಲ ಅದರಲ್ಲೇ. ಆದರೆ ಆ ರೊಕ್ಕ ತಗೊಳ್ಳುವಷ್ಟು ದಿನ ಬೇರೆ ಕೂಲಿಗೆ ಕೈ ಹಚ್ಚಬಾರದು, ಅರ್ಧ ತಾಸಿನದಾದರೂ. ಮಗ್ಗದ ಮೇಲಿನದು ಸಾವುಕಾರರ ಸೀರೆ, ಅದನ್ನು ನೇಯ್ದರೆ ಅದೂ ಕೂಲಿಯೇ. ಗೊತ್ತಾದರೆ ರೊಕ್ಕ ನಿಂತುಹೋಗುತ್ತದೆ.

"ಮಗ್ಗಕ್ಕ ಕುಂತಿದ್ರೇನು?"

"ನಾನಾ? ಇಲ್ಲಲ್ಲ," ಎಂದ ಕಳಕಪ್ಪ, ಗೋಡೆ ನೋಡುತ್ತ.

ರತ್ನವ್ವ ಬಟ್ಟೆಯ ಮೇಲೆ ಬೆರಳಾಡಿಸಿದಳು. ಅವಳದು ಒಂದೇ ಸಮನೆ ಬರುವ ನೇಯ್ಗೆ. ಈ ಗೇಣಿನಲ್ಲಿ ಮಾತ್ರ ಮಗ್ಗದ ಹಲಗೆಯ ಹತ್ತು ಏಟಿಗೊಂದು ಸಣ್ಣ ಗೆರೆ. ಕೈ ನಿಲ್ಲಿಸಿ ಮತ್ತೆ ಶುರು ಮಾಡಿದಲ್ಲಿ ಬೀಳುವ ಗೆರೆ. ಕಳ್ಳ! ಹತ್ತು ಏಟು ಹಾಕಿ, ನಾನು ಬಂದೆನೇನೋ ಎಂದು ಬಾಗಿಲಿಗೆ ಕಿವಿ ಕೊಟ್ಟಿದ್ದಾನೆ. ಗೇಣುದ್ದ ನೇಯುವವನಿಗೆ ಎಂಥ ಬ್ಯಾನಿ? ಅಂದು ಅವನ ಕೆಮ್ಮೂ ಅವಳಿಗೆ ನಾಟಕವೆನಿಸಿತು. ತಾನು ಎದುರಿಗಿದ್ದಾಗಲೇ ಜೋರಾಗುತ್ತದಲ್ಲ!

ಮರುದಿನವೇ ಬಾಗಲಕೋಟೆಯಿಂದ ವಿಮೆ ಆಫೀಸಿನ ಅನಿಲಕುಮಾರ ವಿಚಾರಣೆಗೆ ಬಂದ. ಒಳಕೋಣೆಯಲ್ಲಿ ಮಲಗಿದ್ದ ಕಳಕಪ್ಪನನ್ನು ನೋಡಿದ, ಚಹಾ ಕುಡಿದ, ಹೊರಟವನು ಮಗ್ಗದ ಹತ್ತಿರ ನಿಂತ.

"ನಮ್ಮವ್ವನೂ ನೇಯ್ತಿದ್ಲು," ಎನ್ನುತ್ತ ಬಟ್ಟೆ ಮುಟ್ಟಿದ. "ಅಕ್ಕಾರ, ಇದರಾಗ ಎರಡು ಕೈ ಅದಾವಲ್ರಿ?"

ರತ್ನವ್ವ ಮಗ್ಗಕ್ಕೆ ಅಡ್ಡ ಬಂದು ನಿಂತಳು. "ಎರಡೂ ನನ್ನವೇ ರೀ ಸಾಹೇಬ್ರ. ಟೊಂಕ ನೋವಿತ್ರಿ, ನಿಂತು ನಿಂತು ನೇಯ್ದೇನಿ."

"ಹಂಗಾರ ಹಂಗ ನಾಕು ಬಟ್ಟು ನೇಯ್ದು ತೋರಸ್ರಿ."

ಗಂಡನನ್ನು ಮನಸ್ಸಿನಲ್ಲೇ ಬೈಯುತ್ತ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟಳು. ಹತ್ತು ಏಟು ಹಾಕಿ, ಬಾಗಿಲ ಸಪ್ಪಳ ಕೇಳುವಷ್ಟು ಹೊತ್ತು ನಿಂತು, ಮತ್ತೆ ಹೊಡೆದಳು. ಗೆರೆ ಬೀಳಲಿಲ್ಲ. ಇನ್ನೊಮ್ಮೆ ಹೊಡೆದಳು. ಆಗಲೂ ಇಲ್ಲ. ಅನಿಲಕುಮಾರ ನೋಡುತ್ತಲೇ ಇದ್ದ.

ಅಷ್ಟರಲ್ಲಿ ಒಳಗೆ ಕಳಕಪ್ಪನಿಗೆ ಕೆಮ್ಮು ಹತ್ತಿತು. ರತ್ನವ್ವನ ಕೈ ನಿಂತಿತು. ಕೆಮ್ಮು ನಿಂತು, ಅವನು ಎರಡು ಸಲ ಉಸಿರೆಳೆದುಕೊಂಡು ಸುಮ್ಮನಾಗುವವರೆಗೂ ಕಾದು ಏಟು ಹಾಕಿದಳು. ಗೆರೆ ಬಿತ್ತು. ಮತ್ತೆ ಹತ್ತು ಏಟು, ಮತ್ತೆ ಅಷ್ಟೇ ಹೊತ್ತು ನಿಂತಳು. ಅದೇ ಗೆರೆ, ಅವನದೇ.

ಬಾಗಿಲಿಗೆ ಕಿವಿ ಕೊಡಲು ಇಷ್ಟು ಹೊತ್ತು ಬೇಕಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಅವನು ಕೈ ನಿಲ್ಲಿಸಿದ್ದು ಕೆಮ್ಮಿಗೆ.

ಅನಿಲಕುಮಾರ ಒಮ್ಮೆ ಗೆರೆ ನೋಡಿದ, ಒಮ್ಮೆ ಒಳಕೋಣೆಯ ಕಡೆ. "ನಿಮ್ಮ ಕೈನೇ ಅಂತ ಬರಕೋತೇನ್ರಿ. ಇನ್ನಮ್ಯಾಲೆ ಇಂಥಾ ಗೆರಿ ಬೀಳಬಾರದು ನೋಡ್ರಿ," ಎಂದು ಚಪ್ಪಲಿ ಮೆಟ್ಟಿ ಹೋದ.

"ಮೊನ್ನಿಯಿಂದ ಟೊಂಕ ನೋವು ಅಂತಿದ್ದೆಲ್ಲ," ಒಳಗಿನಿಂದ ಕಳಕಪ್ಪನ ದನಿ ಬಂತು. "ಒಂದು ಗೇಣು ನಿನಗ ಹಗುರಾಗಲಿ ಅಂತ ಕುಂತಿದ್ದೆ."

ರತ್ನವ್ವ ಆ ಗೇಣಿನ ಗೆರೆಗಳನ್ನು ಒಂದೊಂದಾಗಿ ಮುಟ್ಟುತ್ತ ಎಣಿಸಿದಳು. ಐವತ್ತೆರಡು ಇದ್ದವು. ಲಾಳಿ ತೆಗೆದು, ಅವನ ಕೈಗೆ ಸಿಗದಂತೆ ಉಡಿಯಲ್ಲಿ ಕಟ್ಟಿಕೊಂಡು, ಅವನ ಬೆನ್ನು ನೀವಲು ಒಳಗೆ ಹೋದಳು.