ತಳ ಹೋದ ಬುಟ್ಟಿ

ಸಾವಿರದ ಒಂಬೈನೂರ ಎಂಬತ್ತಾರರ ಮಾರ್ಚಿನಲ್ಲಿ ಸಣ್ಣಪ್ಪ ಮಾಸ್ತರರು ಸೈಕಲ್ಲಿನ ಕ್ಯಾರಿಯರಿಗೆ ಒಂದು ಬಾಸ್ಕೆಟ್‌ಬಾಲ್ ಕಟ್ಟಿಕೊಂಡು ಯರಗುಪ್ಪಿಯ ತಮ್ಮ ಮನೆಗೆ ಬಂದರು. ಸಂಶಿಯ ಹೈಸ್ಕೂಲಿನಲ್ಲಿ ಅವರು ಆಟದ ಮಾಸ್ತರರು. ಖೋಖೋ, ಕಬಡ್ಡಿಯಲ್ಲಿ ಎತ್ತಿದ ಕೈ. ಈ ಆಟವನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ಜೂನಿನಿಂದ ಹುಡುಗಿಯರಿಗೆ ಕಲಿಸಬೇಕಾಗಿತ್ತು. ಮೊದಲು ತಾವು ಕಲಿಯೋಣವೆಂದು ಚೆಂಡಿನ ಜೊತೆ ಒಂದು ಪುಸ್ತಕವನ್ನೂ ತಂದಿದ್ದರು. ಪುಸ್ತಕವನ್ನು ದಿನಾ ಓದಿದರು. ಚೆಂಡು ಜೋಳದ ಚೀಲದ ಮೇಲೆ ಸುಮ್ಮನೆ ಕೂತಿತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ ಸಾವಂತ್ರೆವ್ವ ಚೀಲ ಸರಿಸುವಾಗ ಚೆಂಡು ಕೆಳಗೆ ಬಿದ್ದು, ಪುಟಿದು ಅವಳ ಕೈಗೇ ಬಂತು. ಅವಳಿಗೆ ನಗು ಬಂತು. ಮತ್ತೊಮ್ಮೆ ಬೀಳಿಸಿದಳು. ಅವಳು ಗಂಡನಿಗಿಂತ ನಾಲ್ಕು ಬೆರಳು ಎತ್ತರ. ಮದುವೆಯಲ್ಲಿ ಅದನ್ನೇ ಹೇಳಿ ಎಲ್ಲರೂ ಕಾಡಿಸಿದ್ದರು.

ಮರುದಿನ ಚೆಂಡು ಹಿತ್ತಲಿನ ಕಣಕ್ಕೆ ಹೋಯಿತು. ಸುಗ್ಗಿ ಮುಗಿದಿತ್ತು, ಸಗಣಿ ಸಾರಿಸಿ ಗಟ್ಟಿ ಮಾಡಿದ ಕಣ ಖಾಲಿಯಿತ್ತು. ತಳ ಹೋದ ದೊಡ್ಡ ಬುಟ್ಟಿಯೊಂದನ್ನು ಸಾವಂತ್ರೆವ್ವ ಬೇವಿನ ಟೊಂಗೆಗೆ ಹಗ್ಗದಿಂದ ಬಿಗಿದಳು. ಪುಸ್ತಕದ ಚಿತ್ರದಲ್ಲಿ ಹಾಗೇ ಇತ್ತು.

ವಾರದ ನಂತರ, ಶಾಲೆಯ ಪರೀಕ್ಷೆ ಮಧ್ಯಾಹ್ನಕ್ಕೇ ಮುಗಿದ ದಿನ, ಮಾಸ್ತರರು ಬೇಗ ಬಂದರು. ಹಿತ್ತಲಿನಿಂದ ದಬ್ ದಬ್ ಸದ್ದು. ಬಣವೆಯ ಮರೆಯಲ್ಲಿ ನಿಂತು ನೋಡಿದರೆ, ಹೆಂಡತಿ ಸೆರಗು ಸಿಕ್ಕಿಸಿಕೊಂಡು ಚೆಂಡನ್ನು ಅಂಗೈಯಿಂದ ಬಡಿಯುತ್ತಿದ್ದಾಳೆ. ಅದು ತಪ್ಪಿಸಿಕೊಂಡು ಓಡಿತು.

"ನಿಂದ್ರಲೇ, ಎಲ್ಲಿಗೆ ಓಡ್ತಿ?" ಎಂದು ಬೆನ್ನಟ್ಟಿದಳು.

'ಅಂಗೈ ಅಲ್ಲ, ಬೆರಳು!' ಎಂಬ ಮಾತು ಮಾಸ್ತರರ ಬಾಯಿಗೆ ಬಂದಿತ್ತು. ಈಗ ಕೂಗಿದರೆ ಅವಳು ನಾಚಿ ಆಟ ಬಿಡುತ್ತಾಳೆ, ಮತ್ತೆಂದೂ ಮುಟ್ಟುವುದಿಲ್ಲ ಅನಿಸಿತು. ಸದ್ದಾಗದಂತೆ ರಸ್ತೆಗೆ ಮರಳಿ, ದೂರದಿಂದಲೇ ಸೈಕಲ್ಲಿನ ಗಂಟೆ ಬಾರಿಸುತ್ತ ಮನೆಗೆ ಬಂದರು.

ಸಂಜೆ ಊಟಕ್ಕೆ ಕೂತಾಗ ಪುಸ್ತಕ ತೆಗೆದು ತಮ್ಮಷ್ಟಕ್ಕೆ ಎಂಬಂತೆ ಗಟ್ಟಿಯಾಗಿ ಓದಿದರು: "ಚೆಂಡನ್ನು ಬೆರಳುಗಳಿಂದ ತಟ್ಟಬೇಕು. ಅಂಗೈ ತಾಗಬಾರದು."

ಸಾವಂತ್ರೆವ್ವ ಇನ್ನೊಂದು ರೊಟ್ಟಿ ಬಡಿಸಿದಳು. ಮರುದಿನ ಬೆರಳುಗಳಿಂದ ತಟ್ಟಿದಳು. ಚೆಂಡು ಪಕ್ಕದಲ್ಲೇ ಪುಟಿಯಿತು. ಅಂದು ಸಂಜೆ ಮೊಣಕಾಲು ಬಗ್ಗಿಸುವುದರ ಪಾಠ. ಅದರ ಮರುದಿನ, ಎಸೆಯುವಾಗ ಕಣ್ಣು ಎಲ್ಲಿರಬೇಕೆಂಬುದು. ಹೀಗೆ ಹತ್ತು ದಿನ ನಡೆಯಿತು.

ಹನ್ನೊಂದನೆಯ ಸಂಜೆ ಸಾವಂತ್ರೆವ್ವ ಪಲ್ಯ ಹಾಕುತ್ತ ಕೇಳಿದಳು, "ಚೆಂಡ ಒಗಿಯುವಾಗ ಯಾವ ಕಾಲ ಮುಂದ ಇಡಬೇಕಂತ ಅದರಾಗ ಬರದಾರೇನ್ರಿ?"

ಮಾಸ್ತರರ ತುತ್ತು ಕೈಯಲ್ಲೇ ನಿಂತಿತು. "ನಾ ನೋಡೀನಂತ ನಿನಗ ಯಾವಾಗ ಗೊತ್ತಾತು?"

"ಅಷ್ಟ ದೂರದಿಂದ ಗಂಟಿ ಬಾರಿಸ್ಕೊಂತ ಯಾರ ಬರ್ತಾರ್ರಿ ತಮ್ಮ ಮನಿಗೆ?"

ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಭಾನುವಾರ ಬೆಳಿಗ್ಗೆ ಮಾಸ್ತರರು ಬುಟ್ಟಿಯ ಕೆಳಗೆ ನಿಂತು ಚೆಂಡು ಹೆಕ್ಕಿ ಕೊಟ್ಟರು. ಹತ್ತು ಎಸೆತದಲ್ಲಿ ಸಾವಂತ್ರೆವ್ವನವು ಮೂರು ಬುಟ್ಟಿಗೆ ಬಿದ್ದವು. ಮಾಸ್ತರರ ಮೊದಲ ಎಸೆತ ಬೇವಿನ ಬೊಡ್ಡೆಗೆ ಬಡಿಯಿತು.

"ಮೊಣಕಾಲ ಬಗ್ಗಸ್ರಿ."

"ಅದನ್ನ ಓದಿ ಹೇಳಿದಾಂವ ನಾನ ಅಲ್ಲೇನ?"

"ಓದಿದ್ರಿ. ಬಗ್ಗಸ್ಲಿಲ್ಲ."

ಅಂದು ಮಾಸ್ತರರು ತಡವರಿಸುತ್ತ ಕೇಳಿದರು, "ಹುಡುಗ್ಯಾರಿಗೆ ನೀನ ಹೇಳಿ ಕೊಡ್ತಿ ಏನು?"

"ಸಾಲಿಗೆ ನಾ ಬರಂಗಿಲ್ರಿ. ಅಷ್ಟ ಮಂದ್ಯಾಗ ನನಗ ಆಗಂಗಿಲ್ಲ."

"ಹಂಗಾರ ಹುಡುಗ್ಯಾರನ್ನ ಇಲ್ಲೇ ಕರಕೊಂಡ ಬರ್ತೀನಿ."

ಏಪ್ರಿಲ್ ರಜೆಯಲ್ಲಿ ಮೂವರು ಹುಡುಗಿಯರು ಸಂಶಿಯಿಂದ ಬಸ್ಸಿಗೆ ಬಂದರು. ಸಾವಂತ್ರೆವ್ವ ಮೊದಲು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು; ಒಬ್ಬಳ ಕೈಯಿಂದ ಚೆಂಡು ತಪ್ಪಿ ಬಂದಾಗ ಅದನ್ನು ತಟ್ಟುತ್ತಲೇ ಕಣಕ್ಕೆ ಇಳಿದಳು. ಬಿಸಿಲೇರುವವರೆಗೂ ಅವಳ ದನಿ ಕೇಳುತ್ತಿತ್ತು. ಮಾಸ್ತರರು ಒಳಗೆ ಹೋಗಿ ಎಲ್ಲರಿಗೂ ಚಹಾ ಕಾಸಿದರು. ಸಕ್ಕರೆ ವಿಪರೀತವಾಗಿತ್ತು. ಹುಡುಗಿಯರು ಮತ್ತೊಂದು ಕಪ್ಪು ಕೇಳಿ ಕುಡಿದರು.