ಬೋರ್ಡಿನ ಬಾವಿಯಲ್ಲಿ ಹಂಪಕ್ಕ ಸೇದಿದ ನೀರು

ತಾಯಂದಿರೇ, ಅಕ್ಕತಂಗಿಯರೇ, ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನೀವು ದಣಿದಿದ್ದೀರಿ ಎಂದು ಗೊತ್ತು. ಹೇಳುವ ನಾನೂ ದಣಿದಿದ್ದೇನೆ. ಇದೇ ಮಾತನ್ನು ಕಣೇಕಲ್ಲಿನಲ್ಲಿ ಹೇಳಿದೆ, ಬೆಳುಗುಪ್ಪದಲ್ಲಿ ಹೇಳಿದೆ. ಕೇಳಿದವರು ತಲೆಯಾಡಿಸಿ ಎದ್ದುಹೋದರು. ಆದರೂ ಹೇಳದೆ ಬಿಟ್ಟರೆ ಎಲ್ಲೋ ಒಂದು ಮಗುವಿನ ಜೀವ ಹೋಗುತ್ತದೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ.

ರಾಯದುರ್ಗದ ಪೇಟೆ ಮುಗಿಯುವಲ್ಲಿ ಹರಿಜನರ ಕೇರಿ. ಅಲ್ಲಿಯ ಹಂಪಕ್ಕ ಶೇಂಗಾ ಮಂಡಿಯಲ್ಲಿ ಕಾಯಿ ಸುಲಿಯುವ ಕೂಲಿಯವಳು. ಗಂಡ ಎರ್ರಪ್ಪ ಅದೇ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಅವರಿಗೆ ಒಬ್ಬಳೇ ಮಗಳು, ಪಾಲಮ್ಮ. ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಮಂಡಿಯಲ್ಲಿ ಮೊದಲು ಬಂದವರಿಗೆ ದಪ್ಪ ಕಾಯಿ, ಕಡೆಗೆ ಬಂದವರಿಗೆ ಜೊಳ್ಳು. ಕೂಲಿ ಕೊಡುವುದು ಸುಲಿದ ಬೀಜ ಅಳೆದು. ಜೊಳ್ಳು ಸುಲಿದರೆ ಬೆರಳು ಸವೆಯುತ್ತದೆ, ಸೇರು ತುಂಬುವುದಿಲ್ಲ. ಗಂಡಸಿಗಿಂತ ಹೆಂಗಸಿಗೆ ಕಡಿಮೆ ಕೂಲಿ, ಹೆಂಗಸರಲ್ಲೂ ಕೇರಿಯವಳಿಗೆ ಇನ್ನೂ ಕಡಿಮೆ. ನೆರಳಿನ ಜಾಗ ಬೇರೆಯವರದು, ಬಿಸಿಲು ಇವರದು. ಯಾಕೆಂದು ಕೇಳಿದರೆ ಮಂಡಿಯ ಗುಮಾಸ್ತ, “ನೀವು ದಿನಾ ತಡಾ ಮಾಡಿ ಬರ್ತೀರಿ” ಅನ್ನುತ್ತಿದ್ದ. ಅದು ಸುಳ್ಳಲ್ಲ. ತಡ ಯಾಕಾಗುತ್ತದೆ ಎಂದು ಮಾತ್ರ ಆ ಪುಣ್ಯಾತ್ಮ ಯಾವತ್ತೂ ಕೇಳಲಿಲ್ಲ.

ತಡವಾಗುತ್ತಿದ್ದದ್ದು ನೀರಿಗೆ. ಪೇಟೆಯಲ್ಲಿ ಪಂಚಾಯ್ತಿ ಬೋರ್ಡಿನ ಬಾವಿ ಇತ್ತು. ಗಡಗಡೆ, ಹಗ್ಗ, ಸೇದುವ ಬಕೆಟ್ಟು ಎಲ್ಲವೂ ಬೋರ್ಡಿನವೇ. ಆದರೆ ಕೇರಿಯ ಹೆಂಗಸು ಹಗ್ಗ ಮುಟ್ಟುವಂತಿರಲಿಲ್ಲ. ದೂರದ ಚಪ್ಪಡಿಯ ಮೇಲೆ ಬಿಂದಿಗೆ ಇಟ್ಟು ಕಾಯಬೇಕು. ನೀರಿಗೆ ಬಂದವರಲ್ಲಿ ಯಾರಿಗಾದರೂ ಕರುಣೆ ಹುಟ್ಟಿದರೆ, ತಮ್ಮ ಕೊಡ ತುಂಬಿಸಿಕೊಂಡ ಮೇಲೆ, ಎತ್ತರದಿಂದ ಸುರಿಯುತ್ತಾರೆ. ಅರ್ಧ ಬಿಂದಿಗೆಗೆ, ಅರ್ಧ ನೆಲಕ್ಕೆ. ಹೊತ್ತು ಏರಿದ ದಿನ ಹಂಪಕ್ಕ ಕಾಯುತ್ತಿರಲಿಲ್ಲ. ಕೇರಿಯ ಹಿಂದಿನ ಕುಂಟೆಯ ನೀರು ತುಂಬಿಟ್ಟು ಮಂಡಿಗೆ ಓಡುತ್ತಿದ್ದಳು. ಆ ಕುಂಟೆಯಲ್ಲಿ ಎಮ್ಮೆ ಮಲಗುತ್ತದೆ, ಬಟ್ಟೆ ಒಗೆಯುತ್ತಾರೆ. ಇನ್ನೂ ಏನೇನು ತೊಳೆಯುತ್ತಾರೋ ನಾನು ಹೇಳಬೇಕಾಗಿಲ್ಲ.

ಬೇಸಿಗೆ ಬಂತು. ಕೇರಿಯಲ್ಲಿ ವಾಂತಿ ಭೇದಿ ಶುರುವಾಯಿತು. ಪಾಲಮ್ಮನೂ ಮಲಗಿದಳು. ಸರ್ಕಾರಿ ಆಸ್ಪತ್ರೆಯ ನರ್ಸು ಬಸಲಿಂಗಮ್ಮ ಮನೆ ಮನೆ ನೋಡುತ್ತಾ ಬಂದಳು. ಮಗುವಿನ ಹೊಟ್ಟೆಯ ಚರ್ಮ ಹಿಡಿದು ನೋಡಿದಳು. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತು.

“ಯಾವ ನೀರು ಕುಡಿಸೀದಿ ಹಂಪಕ್ಕ?”

“ಕುಂಟಿ ನೀರ್ರಿ.”

“ರೋಗ ಅದರಾಗೇ ಐತಿ. ಮೈಯಾಗಿನ ನೀರೆಲ್ಲಾ ಹೋಗ್ಯಾದ, ಹೋದಷ್ಟು ಒಳಗ ಹಾಕಬೇಕು. ಬಾವಿ ನೀರು ತಂದು ಕುದಿಸು. ಗಂಜಿತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸ್ತಾ ಇರು. ನಿಲ್ಲಿಸಬ್ಯಾಡ.”

“ಬಾವಿ ನೀರು ಯಾರು ಹಾಕ್ತಾರ್ರಿ? ಈ ಉರಿಬಿಸಿಲಾಗ ಯಾರು ಬರ್ತಾರ?”

“ಯಾರ್ಯಾಕ ಹಾಕಬೇಕು? ನೀನೇ ಸೇದು. ಹೋದ ವರ್ಷ ಮದ್ರಾಸಿನಾಗ ನಮ್ಮ ಸರ್ಕಾರ ಕಾಯಿದೆ ಮಾಡೇತಿ. ಸರ್ಕಾರದ ದುಡ್ಡಿನ ಬಾವಿ, ದಾರಿ ಎಲ್ಲಾರಿಗೂ ಸೇರಿದ್ದು. ತಡದವರಿಗೆ ಕೋರ್ಟಿನಾಗ ದಂಡ ಬೀಳ್ತದ.”

ಮೂಲೆಯಲ್ಲಿದ್ದ ಎರ್ರಪ್ಪ ಬಾಯಿ ಬಿಟ್ಟ. “ದೇವರು ವರ ಕೊಟ್ರೂ ಪೂಜಾರಿ ವರ ಕೊಡಾಕಿಲ್ಲ ನರ್ಸಮ್ಮ. ಇವತ್ತು ಹಗ್ಗ ಮುಟ್ಟಿದ್ರ ನಾಳೆ ಮಂಡಿಯಾಗ ಇಬ್ಬರನ್ನೂ ಹೊರಗ ಹಾಕ್ತಾರ. ಕಾಯಿದೆ ಬಂದು ಮುದ್ದಿ ಬೇಯಿಸ್ತದೇನ್ರಿ?”

“ನಾವು ದಿನಾ ಬೈಸ್ಕೊಂಡು ಸಾಕಾಗೈತ್ರಿ,” ಎಂದಳು ಹಂಪಕ್ಕ. “ಬಡವನ ಸಿಟ್ಟು ದವಡಿಗೆ ಮೂಲ. ನಮಗ್ಯಾಕ?”

ಬಸಲಿಂಗಮ್ಮನಿಗೂ ಸುಸ್ತಾಗಿತ್ತು. ಗದರುವ ಶಕ್ತಿ ಅವಳಲ್ಲೂ ಉಳಿದಿರಲಿಲ್ಲ. “ಪಕ್ಕದ ಮನಿಯಾಗ ಮುದುಕಿ ಬಿದ್ದಾಳ, ನಾ ಅಲ್ಲಿಗೆ ಹೋಗಬೇಕು. ಇವತ್ತು ನಾನೇ ಸೇದಿ ಕೊಟ್ರ ನಾಳೆ ಏನ್ಮಾಡ್ತಿ? ಈ ಕೂಸಿಗೆ ಸಂಜಿತನಕ ಕಾಯೋ ತ್ರಾಣ ಇಲ್ಲವ್ವಾ,” ಎಂದು ಚೀಲ ಹೆಗಲಿಗೇರಿಸಿದಳು.

ಹಂಪಕ್ಕ ಬಿಂದಿಗೆ ಹಿಡಿದು ಓಡಿದಳು. ಮಟಮಟ ಮಧ್ಯಾಹ್ನ, ಬಾವಿಯ ಬಳಿ ನರಪಿಳ್ಳೆಯೂ ಇರಲಿಲ್ಲ. ಅವಳೇನು ಮಾಡಿದಳು ಗೊತ್ತೇ? ದಿನದಂತೆ ಚಪ್ಪಡಿಯ ಮೇಲೆ ಬಿಂದಿಗೆ ಇಟ್ಟು, ದೂರ ಸರಿದು, ಕೈಕಟ್ಟಿ ನಿಂತಳು. ಮನೆಯಲ್ಲಿ ಮಗು ಬಾಯಾರಿ ಸಾಯುತ್ತಿದೆ, ಎದುರಿಗೆ ಹಗ್ಗ ಇದೆ, ಬಕೆಟ್ಟು ಇದೆ, ಬೇಡ ಎನ್ನಲು ಒಬ್ಬರೂ ಇಲ್ಲ. ಆದರೂ ತಡೆಯುವವರು ಬಂದು ನೀರು ಹಾಕಲಿ ಎಂದು ಆ ತಾಯಿ ಕಾಯುತ್ತಿದ್ದಾಳೆ! ಇದನ್ನು ಹೇಳುವಾಗಲೆಲ್ಲ ನನಗೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ. ಸಿಟ್ಟು ಅವಳ ಮೇಲಲ್ಲ.

ಅಂಗಾಲು ಸುಡುತ್ತಿತ್ತು. ಕೊನೆಗೆ ಪೇಟೆಯ ಚಿನ್ನಕ್ಕ ಬಂದಳು. ಒಳ್ಳೆಯ ಹೆಂಗಸು. ಕೇರಿಯವರಿಗೆ ಎಷ್ಟೋ ಸಲ ನೀರು ಹಾಕಿದವಳು.

“ಯಾಕ ಹಂಪಕ್ಕ, ಈಟೊತ್ತಿನಾಗ?”

“ಮಗಳಿಗೆ ವಾಂತಿ ಭೇದಿರೀ ಯವ್ವಾ. ಲಗೂನ ಒಂದೀಟು ನೀರು ಹಾಕ್ರಿ.”

“ಅಯ್ಯೋ ಪಾಪ! ತಡಿ, ಹಾಕ್ತೀನಿ,” ಎಂದಳು ಚಿನ್ನಕ್ಕ. ಹುಣಸೆಹಣ್ಣು ಹಚ್ಚಿ ತನ್ನ ತಾಮ್ರದ ಕೊಡ ಬೆಳಗಿದಳು. ತೊಳೆದಳು. ನೀರು ಸೇದಿ ತುಂಬಿಸಿದಳು. “ಇದನ್ನ ಮನಿಯಾಗ ಇಟ್ಟು ಬಂದುಬಿಡ್ತೀನಿ. ಆಮ್ಯಾಲ ನಿನ್ನ ಬಿಂದಿಗಿ ತುಂಬಿಸ್ತೀನಿ. ನಿಂತಿರು,” ಎಂದಳು.

ಚಿನ್ನಕ್ಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ‘ನಿಂತಿರು’ ಎಂಬ ಮಾತನ್ನು ಹಂಪಕ್ಕ ಹುಟ್ಟಿದಾಗಿನಿಂದ ಕೇಳಿದ್ದಳು. ಆ ದಿನ ಅವಳಿಂದ ಆಗಲಿಲ್ಲ. ಬಿಂದಿಗೆ ಎತ್ತಿಕೊಂಡು ನೇರವಾಗಿ ಬಾವಿಗೆ ಹೋಗಿ ಹಗ್ಗ ಹಿಡಿದಳು.

“ಹಂಪಕ್ಕಾ! ಏನ್ಮಾಡಾಕ ಹತ್ತೀದಿ?”

“ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ರೀ ಯವ್ವಾ. ನೀವು ಹೋಗಿ ಬರೋತನಕ ನನ್ನ ಕೂಸು ಇರಂಗಿಲ್ಲ.”

ಸೇದಿ ರೂಢಿಯಿಲ್ಲದ ಕೈ, ಹಗ್ಗ ಜಾರಿ ಅಂಗೈ ಸುಲಿಯಿತು. ಮತ್ತೆ ಇಳಿಬಿಟ್ಟು ಸೇದಿದಳು. ಬಿಂದಿಗೆ ಕಂಠದವರೆಗೆ ತುಂಬಿತು. ಚಿನ್ನಕ್ಕ ಕೊಡ ಹೊತ್ತು ನಿಂತೇ ಇದ್ದಳು.

ಕುದಿಸಿ ಆರಿಸಿದ ನೀರು, ಉಪ್ಪು ಹಾಕಿದ ಗಂಜಿತಿಳಿ, ಗುಟುಕು ಗುಟುಕಾಗಿ ಒಳಗೆ ಹೋಯಿತು. ಸಂಜೆಗೆ ಮಗು “ಅವ್ವಾ” ಎಂದಿತು. ಎರ್ರಪ್ಪ ಗೋಡೆಯ ಕಡೆ ತಿರುಗಿ ಅತ್ತ. ಪಕ್ಕದ ಮನೆಯ ಮುದುಕಿ ಉಳಿಯಲಿಲ್ಲ.

ಆಮೇಲೆ ಎಲ್ಲ ಸುಖವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸುದ್ದಿ ಹಬ್ಬಿ, ಮಾರನೆಯ ದಿನ ಪೇಟೆಯವರು ಗಂಜಲ ಚೆಲ್ಲಿ ಬಾವಿ ಶುದ್ಧ ಮಾಡಿದರು. ಎಮ್ಮೆಯ ಕುಂಟೆ ಶುದ್ಧ ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮಂಡಿಯಲ್ಲಿ ಹಂಪಕ್ಕನಿಗೆ ಕೆಲಸ ಇಲ್ಲ ಎಂದರು. ಆಗ ಎರ್ರಪ್ಪ ಹೊತ್ತ ಮೂಟೆ ಇಳಿಸಿ, ಕೇರಿಯ ಹಮಾಲಿಗಳನ್ನೆಲ್ಲ ಕರೆದುಕೊಂಡು ಗುಮಾಸ್ತನ ಮುಂದೆ ನಿಂತ.

“ನನ್ನ ಹೆಂಡ್ತಿ ಕಾಯಿದೆ ಮೀರಿಲ್ರೀ ಸಾಮಿ, ತಡದವರು ಮೀರ್ಯಾರ. ನೀರಿಗೆ ಕಾಯೋದು ತಪ್ಪಿದ್ರ ನಮ್ಮ ಹೆಂಗಸರು ಹೊತ್ತಿಗೆ ಬರ್ತಾರ. ಆಕಿನ್ನ ಒಳಗ ಬಿಡ್ರಿ. ಬಿಡಾಕಿಲ್ಲ ಅಂದ್ರ ಈ ಮೂಟಿ ನೀವೇ ಹೊತ್ಕೊಳ್ರಿ.”

ಗಾಡಿಗಳು ಕಾಯುತ್ತಿದ್ದವು. ಗುಮಾಸ್ತ ಗೊಣಗುತ್ತಾ ಬಿಟ್ಟುಕೊಟ್ಟ. ಈಗ ಕೇರಿಯ ಹೆಂಗಸರು ಬೆಳಿಗ್ಗೆ ಗುಂಪಾಗಿ ಹೋಗಿ ತಾವೇ ಸೇದುತ್ತಾರೆ. ಬೈಗುಳ ಇದ್ದೇ ಇದೆ. ಮಂಡಿಗೆ ಹೊತ್ತಿಗೆ ಮುಟ್ಟುತ್ತಾರೆ, ದಪ್ಪ ಕಾಯಿ ಸಿಗುತ್ತದೆ. ಕೂಲಿ ಮಾತ್ರ ಇನ್ನೂ ಸಮವಾಗಿಲ್ಲ. ಅದಕ್ಕೂ ಒಂದು ದಿನ ಕೇಳಬೇಕು.

ಕೇರಿಯ ತಾಯಂದಿರೇ, ಕುಂಟೆಯ ನೀರು ಮಕ್ಕಳಿಗೆ ಕೊಡಬೇಡಿ. ಬಾವಿಯ ನೀರನ್ನೂ ಕುದಿಸಿಯೇ ಕುಡಿಸಿ. ಬೋರ್ಡಿನ ಬಾವಿ ನಿಮ್ಮದು. ಒಬ್ಬರೇ ಹೋಗಲು ಹೆದರಿಕೆಯಾದರೆ ಜೊತೆಯಾಗಿ ಹೋಗಿ. ಯಾರಾದರೂ ತಡೆದರೆ ಅವರ ಹೆಸರು ಹೇಳಿ ದೂರು ಕೊಡಿ.

ಪೇಟೆಯ ತಾಯಂದಿರೇ, ನಿಮಗೂ ಒಂದು ಮಾತು. ನೀವೂ ಮಕ್ಕಳೊಂದಿಗರು. ನಾವು ಎಷ್ಟೋ ಸಲ ನೀರು ಹಾಕಿದ್ದೇವೆ ಎನ್ನುತ್ತೀರಿ, ನಿಜ. ಆದರೆ ನಿಮ್ಮ ದಯೆ ಬರುವ ಹೊತ್ತಿಗೆ ಎಷ್ಟು ಮಕ್ಕಳ ಬಾಯಿ ಒಣಗಿತೋ ಲೆಕ್ಕ ಇಟ್ಟವರಿಲ್ಲ. ನಾಳೆ ಬೆಳಿಗ್ಗೆ ಬಾವಿಯ ಬಳಿ ಇನ್ನೊಬ್ಬ ತಾಯಿ ಬರುತ್ತಾಳೆ. ನೀವು ಅವಳಿಗೆ ನೀರು ಹಾಕುವುದು ಬೇಡ. ಹಗ್ಗ ಅವಳ ಕೈಗೆ ಕೊಟ್ಟು ಸ್ವಲ್ಪ ಪಕ್ಕಕ್ಕೆ ಸರಿಯಿರಿ.